ಕಾಕಾನ ಗಾಡಿಗೊಂದು ಹೊಸ ಮೂಗು

ನಮ್ಮ ಕಾಕಾ ಯಾವ ವಸ್ತುವನ್ನೂ ಅದು ಹುಟ್ಟಿದ ಸ್ಥಿತಿಯಲ್ಲಿ ಇರಗೊಡುವವರಲ್ಲ. ಅಂಗಡಿಯಿಂದ ತಂದ ಸಾಮಾನು ಅವರ ಮನೆಯ ಹೊಸ್ತಿಲು ದಾಟಿತೆಂದರೆ ಮುಗಿಯಿತು, ಸಂಜೆಯೊಳಗೆ ಅದಕ್ಕೊಂದು ಬಾಲವೋ ಕೊಂಬೋ ಮೊಳೆತಿರುತ್ತದೆ. ಇಷ್ಟು ವರ್ಷಗಳಲ್ಲಿ ಅವರ ಕೈಯಲ್ಲಿ ಸುಧಾರಣೆಯಾಗದೆ ಉಳಿದ ಏಕೈಕ ಜೀವ ಅವರ ಹೆಂಡತಿ, ನಮ್ಮ ಕಾಕು. ಆಕೆಯನ್ನೂ ಬಿಡುತ್ತಿರಲಿಲ್ಲ, ಸ್ಕ್ರೂ ಎಲ್ಲಿದೆ ಎಂಬುದು ಇನ್ನೂ ಸಿಕ್ಕಿಲ್ಲ ಅಷ್ಟೆ!

ನೀವು ನಗಬಹುದು. ನಾನೂ ನಗುತ್ತಲೇ ಹೇಳಬೇಕೆಂದು ಕೂತಿದ್ದೇನೆ. ಆದರೆ ಈಗಲೂ ಅಡುಗೆಮನೆಯಲ್ಲಿ ಕುಕ್ಕರು ಸೀಟಿ ಹೊಡೆಯುವ ಮೊದಲು ಹುಸ್ಸೆಂದು ಉಸಿರೆಳೆದುಕೊಂಡರೆ ಸಾಕು, ನನ್ನ ಎರಡೂ ಕೈ ತಾವಾಗಿಯೇ ಎದೆಗೆ ಬಂದು ಇಲ್ಲದ ಕೂಸೊಂದನ್ನು ಅವಚಿಕೊಳ್ಳುತ್ತವೆ. ಕೈಯಲ್ಲಿದ್ದ ಸೌಟು ನೆಲಕ್ಕೆ ಬಿದ್ದಿರುತ್ತದೆ. ಮನೆಯವರಿಗೆ ಇದು ಅಭ್ಯಾಸವಾಗಿದೆ. ನನಗೆ ಇನ್ನೂ ಆಗಿಲ್ಲ.

ಕಾಕಾ ಭಾಲ್ಕಿಯ ಸಾಲಿಯಲ್ಲಿ ಡ್ರಿಲ್ ಮಾಸ್ತರರಾಗಿದ್ದು ನಿವೃತ್ತರಾದವರು. ಅದಕ್ಕೂ ಮೊದಲು ಔರಾದ ಕಡೆಯ ಹಳ್ಳಿಗಳಲ್ಲಿ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ನೆಟ್ಟಗೆ ಮಾಡಿದವರು. ಮಕ್ಕಳೆಲ್ಲ ಕೈಬಿಟ್ಟು ಹೋದ ಮೇಲೆ ಸಾಮಾನುಗಳನ್ನು ಹಿಡಿದರು. ಮಳೆ ಕೈಕೊಟ್ಟು ಮೂರನೆಯ ವರ್ಷ ಅದು. ಊರಿಗೆ ನೀರಿನ ಟ್ಯಾಂಕರು ಬರುತ್ತಿತ್ತು. ಒಮ್ಮೆಲೇ ಎಂಟು ಕೊಡ ತರಲೆಂದು ಕಾಕಾ ಹಲಗೆಗೆ ಗಾಲಿ ಹಚ್ಚಿ ಒಂದು ಬಂಡಿ ಮಾಡಿದರು. ಎಂಟು ಕೊಡವೂ ಒಮ್ಮೆಲೇ ಚೆಲ್ಲಿದವು. ಮನೆಯೊಳಗೆ ಧೂಳು ಬರುತ್ತದೆಂದು ಟೇಬಲ್ ಫ್ಯಾನಿಗೆ ಹಳೆಯ ಧೋತರ ಸುತ್ತಿದರು.

"ಧೂಳ ಬರೂದು ನಿಂತದೋ ಇಲ್ಲೋ?" ಎಂದು ಕಾಕುವನ್ನು ಕೇಳಿದರು.

"ಗಾಳಿನೂ ನಿಂತದಲ್ರಿ!"

"ತಡಿ, ಒಂದೊಂದೇ ಸುಧಾರಣಾ ಮಾಡೋಣು."

ಆ ವರ್ಷದ ಧೂಳನ್ನು ನೀವು ನೋಡಬೇಕಿತ್ತು. ಹೊಲಗಳಲ್ಲಿ ಹುಲ್ಲಿನ ಕಡ್ಡಿ ಇಲ್ಲ, ಮಣ್ಣು ಹಿಡಿಯುವವರು ಯಾರು? ಒಂದು ಲಾರಿ ಹೋದರೆ ಅರ್ಧ ತಾಸು ಬೇವಿನ ಮರ ಕಾಣುತ್ತಿರಲಿಲ್ಲ. ಕಾಕಾನ ಹಳೆಯ ಡೀಸೆಲ್ ಕಾರು ಈ ಧೂಳು ಕುಡಿದು ಕುಡಿದು ದಮ್ಮು ಹತ್ತಿದ ಮುದುಕನಂತೆ ಕೆಮ್ಮುತ್ತಿತ್ತು. ಇಂಜಿನ್ನಿಗೆ ಗಾಳಿ ಸೋಸಿ ಕೊಡುವ ಫಿಲ್ಟರನ್ನು ಕಾಕಾ ವಾರಕ್ಕೊಮ್ಮೆ ಬಿಚ್ಚಿ ಅರಿವೆ ಒಗೆಯುವ ಕಲ್ಲಿಗೆ ಬಡಿಯುತ್ತಿದ್ದರು. ಕೊನೆಗೆ ಒಂದು ದಿನ ಹೈದರಾಬಾದಿಗೆ ಹೋಗಿ ಹೊಸ ಫಿಲ್ಟರು, ಅದರ ಜೊತೆಗೆ ಆನೆಯ ಸೊಂಡಿಲಿನಂಥ ರಬ್ಬರ್ ಪೈಪು ಕೊಂಡು, ಟವೆಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದರು.

ಕಂಡಕ್ಟರು ಕೇಳಿದನಂತೆ: "ಇದೇನ್ರಿ ಮಾಸ್ತರ, ದವಾಖಾನಿ ಸಾಮಾನೇನು?"

"ಹೌದಪಾ. ಮೂಗು. ನಾಳಿಗಿ ಆಪರೇಶನ್ ಅದ."

ಆಪರೇಶನ್ನಿನ ದಿನ ನಾನು ಭಾಲ್ಕಿಯಲ್ಲೇ ಇದ್ದೆ. ಬೀದರಿನ ಚಿದ್ರಿಯಲ್ಲಿ ನನ್ನ ಮನೆ, ಕಾಲೇಜಿಗೆ ರಜೆ ಬಂದರೆ ಕಾಕಾನ ಊರು. ನಟ್ಟು ಬಿಚ್ಚುವ ಪಾನಾ ಕೈಗೆ ಕೊಡುವುದು, ಬೆವರು ಒರೆಸುವುದು ನನ್ನ ಪಾಲಿಗೆ ಬಂತು. ಇಂಜಿನ್ನಿನ ತಲೆಯ ಮೇಲಿದ್ದ ಹಳೆಯ ಕಪ್ಪು ಡಬ್ಬಿ ಹೊರಬಂತು. ಕಾಕು ಅದನ್ನು ಉಳ್ಳಾಗಡ್ಡಿ ಹಾಕಿಡಲು ಒಯ್ದರು. ಗೋಪುರದ ಆಕಾರದ ಹೊಸ ಫಿಲ್ಟರನ್ನು ಬಂಪರಿನ ಹಿಂದೆ ಕೂರಿಸಿ, ಅಲ್ಲಿಂದ ಇಂಜಿನ್ನಿನವರೆಗೆ ಪೈಪು ಎಳೆದರೆ, ಪೈಪು ಒಂದು ಮೊಳ ಹೆಚ್ಚಾಯಿತು.

"ಕತ್ತರಸೋಣೇನ್ರಿ ಕಾಕಾ?"

"ಏ ಹುಚ್ಚಿ! ಹೊಸಾ ಸಾಮಾನಿಗಿ ಯಾರರೆ ಕತ್ತರಿ ಹಾಕ್ತಾರೇನು? ಪ್ಯಾಂಟ್ ಉದ್ದಾದ್ರ ಮಡಚ್ತೀವಿಲ್ಲೊ?"

ಹಾಗಾಗಿ ಪೈಪು ನಡುವೆ ಹೊಟ್ಟೆ ಬಿಟ್ಟುಕೊಂಡು ಜೋತುಬಿತ್ತು. ಆ ಹೊಟ್ಟೆಗೆ ಆಧಾರವಾಗಿ ಕಾಕುವಿನ ಲಂಗದ ಲಾಡಿ ಕಟ್ಟಿದರು. ಗಾಡಿ ಚಾಲೂ ಮಾಡಿದಾಗ ಹುಸ್ಸ್ ಎಂದು ಎಂಥ ಗಂಭೀರವಾದ ಉಸಿರು! ಕಾಕಾನ ಕಣ್ಣು ಒದ್ದೆಯಾದವು. ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದುತ್ತಿದ್ದವಳು, ಆ ಜೋತ ಹೊಟ್ಟೆಯನ್ನು ಕಣ್ಣಾರೆ ನೋಡಿದವಳು, ಚಪ್ಪಾಳೆ ತಟ್ಟಿದೆ.

ಬೀದರಿನಲ್ಲಿ ಕಾಕಾ ಯಾವಾಗಲೂ ಹೋಗುವ ಗ್ಯಾರೇಜಿನ ಉಸ್ತಾದ್ ಮಾತ್ರ ಬಾನೆಟ್ಟು ತೆಗೆದು ನೋಡಿ, ಜೋತ ಪೈಪನ್ನು ಬೆರಳಿನಿಂದ ಎತ್ತಿ ತೋರಿಸಿದ. "ಮಾಸ್ತರ್ ಸಾಬ್, ಪೈಪ್ ಸಣ್ಣದು ಮಾಡ್ರಿ. ಮತ್ತ ಇದು ಒಣಾ ಫಿಲ್ಟರ್ ಅದ, ಇದಕ್ಕ ಎಣ್ಣಿ-ಗಿಣ್ಣಿ ನಕ್ಕೋ, ಹಾಕಬ್ಯಾಡ್ರಿ. ಡೀಸೆಲ್ ಇಂಜಿನ್ನಿಗಿ ಗಾಳಿ ಸಂಗಾಟ ಎಣ್ಣಿ ಸಿಕ್ಕರ ಅದು ಅದ್ನೇ ಕುಡುದು ಓಡ್ತದ. ಚಾವಿ ತೆಗದ್ರೂ ನಿಲ್ಲಂಗಿಲ್ಲ."

ಕಾಕಾ ತಲೆಯಾಡಿಸಿದರು. ಹೊರಗೆ ಬಂದ ಮೇಲೆ, "ಪಾಪ, ನಿನ್ನಿ ಹುಟ್ಟಿದಂವ. ಜೀಪ್ ನೋಡಿಲ್ಲ," ಎಂದರು.

ಅವರ ಮಾತಿನಲ್ಲೂ ಹುರುಳಿತ್ತು ಎನ್ನಬೇಕು. ಕಾಕಾ ವಾಹನ ಕಲಿತದ್ದು ಹಳೆಯ ಕಾಲದ ಜೀಪಿನ ಮೇಲೆ. ಅದರ ಫಿಲ್ಟರಿನ ತಳದಲ್ಲಿ ಎಣ್ಣೆಯ ಬಟ್ಟಲೇ ಇರುತ್ತಿತ್ತು. ಧೂಳು ಬಂದು ಎಣ್ಣೆಗೆ ಅಂಟಿಕೊಳ್ಳುತ್ತಿತ್ತು. "ಎಣ್ಣಿ ಇಲ್ದ ಫಿಲ್ಟರ್ ಅಂದ್ರ ವಗ್ಗರಣಿ ಇಲ್ದ ಬ್ಯಾಳಿ!" ಎಂದು, ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಗಾಣದಿಂದ ತಂದ ಕುಸುಬಿ ಎಣ್ಣೆಯನ್ನು ಅರ್ಧ ವಾಟಿ ಫಿಲ್ಟರಿನ ನೆತ್ತಿಗೆ ತಟ್ಟುತ್ತಿದ್ದರು. ಎಳೆಗೂಸಿಗೆ ತಟ್ಟಿದ ಹಾಗೆ!

"ನೋಡವಾ, ಮನಿ ಮಂದಿಗಿ ಮೂರು ದಿನಕ್ಕೊಂದು ತಂಬಗಿ ನೀರು. ಗಾಡಿಗಿ ಮಾತ್ರ ದಿನಾ ಎಣ್ಣಿಸ್ನಾನ," ಎಂದು ಕಾಕು ನನ್ನೆದುರು ಗೊಣಗಿದರು. "ಮುಂದಿನ ಜನ್ಮಕ್ಕ ನಾ ಈ ಮಾಸ್ತರ ಗಾಡಿ ಆಗಿ ಹುಟ್ತೇನಿ."

"ಬ್ಯಾಡ, ನಿಂಗ ಬ್ರೇಕ್ ಇಲ್ಲ," ಎಂದರು ಕಾಕಾ.

ರಜೆ ಮುಗಿಯುವ ದಿನ ಡಾಬಕಾದ ಬೀಗರ ಮನೆಯಲ್ಲಿ ಊಟವಿತ್ತು. ಅದನ್ನು ಮುಗಿಸಿ, ಔರಾದ ಮೇಲೆ ಹಾದು, ನನ್ನನ್ನು ಬೀದರಿಗೆ ಬಿಡುವುದೆಂದು ಹೊರಟೆವು. ದೂರದ ದಾರಿ, ಧೂಳು ಜಾಸ್ತಿ ಎಂದು ಅಂದು ಕಾಕಾ ಒಂದು ವಾಟಿ ತುಂಬಾ ಎಣ್ಣೆ ಸುರಿದಿದ್ದರು. ಲಾಡಿ ಯಾವಾಗ ಬಿಚ್ಚಿತೋ, ಪೈಪಿನ ಹೊಟ್ಟೆ ಎಷ್ಟು ಕೆಳಗಿಳಿಯಿತೋ, ದಿನದಿನದ ಎಣ್ಣೆ ಅಲ್ಲಿ ಎಷ್ಟು ನಿಂತಿತ್ತೋ, ನಾವ್ಯಾರೂ ನೋಡಲಿಲ್ಲ.

ಡಾಬಕಾದ ಬಸ್ಸು ನಿಲ್ಲುವ ಜಾಗದಲ್ಲಿ ಒಬ್ಬ ಯುವಕ, ಅವನ ಹೆಂಡತಿ, ಮೂರು ತಿಂಗಳ ಕೂಸು, ಎರಡು ಗಂಟು. ಆ ಓಣಿಯ ಅರ್ಧದಷ್ಟು ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಇವರೂ ಕುರಿ ಮಾರಿ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟವರು. ಬಸ್ಸು ಬಂದಿರಲಿಲ್ಲ. ಯುವಕ ಕಾಕಾನನ್ನು ಕಂಡವನೇ ಸಾವಧಾನ್ ಭಂಗಿಯಲ್ಲಿ ನೆಟ್ಟಗೆ ನಿಂತ. ಹಳೆಯ ವಿದ್ಯಾರ್ಥಿ!

"ಬೀದರ ಸ್ಟೇಷನ್ನಿಗಿ ಹೋಗಾದದ್ರಿ ಮಾಸ್ತರ."

"ಹತ್ತು, ಹತ್ತು! ಬಸ್ಸಿಗ್ಯಾಕ ಕಾಯ್ತಿ? ನನ್ನ ಗಾಡಿ ಈಗ ಕುದುರಿ ಉಸಿರಾಡಿದ್ಹಾಂಗ ಉಸಿರಾಡ್ತದ."

ಹಿಂದಿನ ಸೀಟಿನಲ್ಲಿ ನಾನು, ಆ ಹುಡುಗಿ, ಅವಳ ಗಂಡ. ಔರಾದ ದಾಟುವಷ್ಟರಲ್ಲಿ ಗಾಡಿಯ ಪ್ರಯಾಣ ಆಗಿಬರದೆ ಹುಡುಗಿ ಕಿಟಕಿಗೆ ತಲೆಯಿಟ್ಟಳು. "ಅಕ್ಕಾ, ಜರಾ ಹಿಡೀರಿ," ಎಂದು ಕೂಸನ್ನು ನನ್ನ ತೊಡೆಗೆ ಹಾಕಿದಳು. ಹೆಣ್ಣು ಕೂಸು. ಮುಷ್ಟಿ ಬಿಗಿಹಿಡಿದು ನಿದ್ದೆ ಮಾಡುತ್ತಿತ್ತು.

ನೀರಿಲ್ಲದ ಮಾಂಜ್ರಾ ದಾಟಿದೆವು. ಮುಂದೆ ಬೀದರಿನ ಏರು. ಗಾಡಿ ಮೂತಿ ಮೇಲೆತ್ತಿತು. ಮುಂದಿನ ಸೀಟಿನಲ್ಲಿದ್ದ ಕಾಕು ಮೂಗು ಅರಳಿಸಿ, "ಯಾರೋ ಭಜಿ ಕರೀಲಕತ್ತಾರ ನೋಡ್ರಿ," ಎಂದರು.

ಸುತ್ತ ಒಂದು ಮನೆ ಇಲ್ಲ, ಮರ ಇಲ್ಲ. ಬಟಾಬಯಲು. ನಡುಮಧ್ಯಾಹ್ನ. ಭಜಿ ಯಾರು ಕರಿಯಬೇಕು?

ಅಷ್ಟರಲ್ಲಿ ಇಂಜಿನ್ನಿನ ದನಿ ಬದಲಾಯಿತು. ಕಾಕಾ ಎಕ್ಸಲರೇಟರಿನಿಂದ ಕಾಲು ತೆಗೆದರು; ನಾನು ನೋಡಿದೆ, ತೆಗೆದರು. ದನಿ ಏರಿತು. ಕ್ಲಚ್ಚು ತುಳಿದರು, ಕಿವಿ ಹರಿಯುವಂತೆ ಚೀರಿತು. ರಸ್ತೆಯ ಬದಿಗೆ ತಂದು ಬ್ರೇಕು ಒತ್ತಿ, ಗೇರು ತಪ್ಪಿಸಿ, ಚಾವಿ ತಿರುವಿ ಕಿತ್ತೇಬಿಟ್ಟರು. ಚಾವಿ ಅವರ ಕೈಯಲ್ಲಿತ್ತು. ಗಾಡಿ ಓಡುತ್ತಲೇ ಇತ್ತು! ಪೈಪಿನ ಹೊಟ್ಟೆಯ ಎಣ್ಣೆಯೆಲ್ಲ ಏರಿನಲ್ಲಿ ಹಿಂದಕ್ಕೆ ಹರಿದು ಇಂಜಿನ್ನಿನ ಬಾಯಿಗೆ ಬೀಳುತ್ತಿತ್ತು. ಹಿಂದಿನಿಂದ ಬಿಳಿ ಹೊಗೆ ಎದ್ದು ಕಿಟಕಿಗಳನ್ನು ಮುಚ್ಚಿತು. ಸೀಟು, ಗಾಜು, ನನ್ನ ಹಲ್ಲು, ಎಲ್ಲ ನಡುಗುತ್ತಿದ್ದವು. ಒಂದು ಯಂತ್ರ ಒಡೆಯನ ಮಾತು ಬಿಟ್ಟು ತಾನೇ ಕೂಗುವುದನ್ನು ನೀವು ಕೇಳಿದ್ದೀರಾ? ಕೇಳದಿರಲಿ.

"ಇಳೀರಿ! ಎಲ್ಲಾರೂ ಇಳೀರಿ! ಕೂಸಿಗಿ ತಗೊಂಡು ಓಡು!"

ಇಳಿಯುವುದು ಹೇಗೆ? ಹಿಂದಿನ ಎರಡೂ ಬಾಗಿಲಿನ ಒಳಗಿನ ಹಿಡಿಕೆಗಳು ಗಲಗಲ ಅನ್ನುತ್ತವೆಂದು ಕಾಕಾ ಹಿಂದಿನ ವರ್ಷವೇ ಬಿಚ್ಚಿ ಸುಧಾರಿಸಿದ್ದರು! ನಾನು ಒಂದು ಕೈಯಲ್ಲಿ ಕೂಸನ್ನು ಎದೆಗೆ ಅವಚಿಕೊಂಡು, ಹಿಡಿಕೆ ಇಲ್ಲದ ಬಾಗಿಲನ್ನು ಉಗುರಿನಿಂದ ಕೆರೆದೆ. ಹುಡುಗಿ ಅದನ್ನು ನನ್ನ ಕೈಯಿಂದ ಕಸಿದು, ಅರ್ಧ ತೆರೆದ ಕಿಟಕಿಯಿಂದ ಹೊರಗೆ ದಾಟಿಸಲು ನೋಡುತ್ತಿದ್ದಳು. ಅದು ಕೆಮ್ಮಿತು, ಅತ್ತಿತು, ಆಮೇಲೆ ಸುಮ್ಮನಾಯಿತು. ಅದು ಅಳುವಾಗ ನನಗಿಷ್ಟು ಹೆದರಿಕೆ ಇರಲಿಲ್ಲ.

ಕಾಕು ಹೊರಗಿನಿಂದ ಬಾಗಿಲು ಕಿತ್ತು ತೆಗೆದರು. ಹೊಲದೊಳಗೆ ಓಡಿದೆವು. ತಿರುಗಿ ನೋಡಿದರೆ ಕಾಕಾ ಇನ್ನೂ ಒಳಗೇ ಇದ್ದಾರೆ! ಹ್ಯಾಂಡ್‌ಬ್ರೇಕು ಇಲ್ಲದ ಗಾಡಿ, ಏರು, ಅವರು ಕಾಲೆತ್ತಿದರೆ ಹಿಂದಕ್ಕೆ ಉರುಳುತ್ತದೆ. ಕಾಕು ಎರಡು ಕಲ್ಲು ಎತ್ತಿ ತಂದು ಗಾಲಿಗೆ ಕೊಟ್ಟ ಮೇಲೆ ಕಾಕಾ ಇಳಿದು, ಓಡಿ ದೂರ ಬರುವುದು ಬಿಟ್ಟು, ಬಾನೆಟ್ಟು ಎತ್ತಿದರು.

ಯುವಕ ಅವರ ತೋಳು ಹಿಡಿದೆಳೆದ. "ಬಿಡ್ರಿ ಮಾಸ್ತರ, ಸಿಡೀತದ!"

"ಪೀಛೇ ಮುಡ್!"

ಮೈದಾನದ ಆಚೆ ತುದಿಗೆ ಕೇಳುವಂತೆ ಕಾಕಾ ಡ್ರಿಲ್ಲಿನ ಆಜ್ಞೆ ಕೂಗಿದರು. ಸಾಲಿ ಹುಡುಗನ ಬೂಟಿಲ್ಲದ ಎರಡು ಕಾಲು ಇನ್ನೂ ಆ ಗಂಡಸಿನೊಳಗೆ ಎಲ್ಲೋ ಇದ್ದಿರಬೇಕು, ಅವನು ಗಕ್ಕನೆ ಹಿಮ್ಮಡಿಯ ಮೇಲೆ ತಿರುಗಿ ನಾಲ್ಕು ಹೆಜ್ಜೆ ನಡೆದೇ ಬಂದ!

ಕಾಕಾ ಫಿಲ್ಟರನ್ನು ಕಿತ್ತೆಸೆದು, ಹೆಗಲ ಮೇಲಿನ ಟವೆಲನ್ನು ಪೈಪಿನ ಬಾಯಿಗೆ ತುರುಕಿದರು. ಪೈಪು ಅದನ್ನು ಸರ್ರನೆ ಒಳಗೆಳೆದುಕೊಂಡಿತು. ದನಿ ಸ್ವಲ್ಪ ತಗ್ಗಿತು, ಮತ್ತೆ ಏರಿತು. ಬೆಂಕಿಗೆ ಗಾಳಿ ಬೇಕು ಎಂದು ಓದಿದವಳು ನಾನು. ಆ ಹೊತ್ತಿಗೆ ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಡ್ರಿಲ್ ಮಾಸ್ತರು ಒಂದು ಕ್ಷಣ ತಮ್ಮ ಬಲಗೈಯನ್ನು ನೋಡಿಕೊಂಡು, ಅಂಗೈಯನ್ನು ಪೈಪಿನ ಬಾಯಿಗೆ ಒತ್ತಿಬಿಟ್ಟರು.

ಇಂಜಿನ್ನು ಬಿಕ್ಕಿತು. ಗಾಡಿ ಇಡಿಯಾಗಿ ಒಮ್ಮೆ ಕುಪ್ಪಳಿಸಿತು. ಕಾಕಾ ಹಲ್ಲು ಕಚ್ಚಿದ್ದರು, ಕಣ್ಣು ಮುಚ್ಚಿದ್ದರು. ಇನ್ನೊಂದು ಬಿಕ್ಕು. ಆಮೇಲೆ ಎಲ್ಲ ನಿಂತುಹೋಯಿತು.

ಹೊಗೆ ನಿಧಾನವಾಗಿ ಹೊಲದ ಕಡೆ ಸರಿಯಿತು. ಕಾಕಾ ಮಾತ್ರ ಹಾಗೇ ಬಗ್ಗಿ ನಿಂತಿದ್ದರು.

"ಕೈ ತಗೀರಿ. ನಿಂತದ," ಎಂದರು ಕಾಕು.

"ನಿಂತಿಲ್ಲ. ನಂಗಿನ್ನಾ ಕೇಳ್ಲಕತ್ತದ."

ಕಾಕು ಹತ್ತಿರ ಹೋಗಿ ಒಂದೊಂದೇ ಬೆರಳು ಬಿಡಿಸಿದರು. ಬೈಯಲಿಲ್ಲ. ಆಕೆ ಬೈಯದೆ ಇದ್ದದ್ದನ್ನು ಕಂಡು ನಾನು ಅಲ್ಲೇ ಮಣ್ಣಿನಲ್ಲಿ ಕೂತೆ. ಅಂಗೈಯ ನಡುವೆ ಬಳೆ ಒತ್ತಿದಂತೆ ದುಂಡಗೆ ಕಪ್ಪಾಗಿ ಬಾತಿತ್ತು.

ಕಾಕಾ ಗಾಡಿಯ ಕಡೆ ನೋಡಲೂ ಇಲ್ಲ. ನೇರವಾಗಿ ನಮ್ಮ ಹತ್ತಿರ ಬಂದು, ಆ ಹುಡುಗಿಯ ಮುಂದೆ ಮಣ್ಣಿನಲ್ಲಿ ಮೊಣಕಾಲೂರಿದರು. ಕೂಸು ಈಗ ತಾಯಿಯ ಮಡಿಲಲ್ಲಿತ್ತು. ಅಲುಗಾಡುತ್ತಿರಲಿಲ್ಲ.

"ಉಸಿರಾಡ್ತದೇನವಾ?"

ಹುಡುಗಿ ಕೂಸಿನ ಕೆನ್ನೆ ತಟ್ಟುತ್ತಲೇ ಇದ್ದಳು. ಕಾಕಾ ಬಾತ ಅಂಗೈಯನ್ನು ಅದರ ಮೂಗಿನ ಕೆಳಗೆ ಹಿಡಿದರು. "ತಿಳೀವಲ್ದು... ಕೈಗಿ ಏನೂ ತಿಳೀವಲ್ದು ನಂಗ," ಎಂದರು. ಜೀವಮಾನದಲ್ಲಿ ಮೊದಲ ಸಲ ಅವರ ದನಿ ಒಡೆದದ್ದನ್ನು ಕೇಳಿದೆ. ಆಮೇಲೆ ಬಗ್ಗಿ, ಎಣ್ಣೆ ಮಸಿ ಧೂಳು ಮೆತ್ತಿದ ತಮ್ಮ ಕೆನ್ನೆಯನ್ನೇ ಕೂಸಿನ ಮೂಗಿನ ಹತ್ತಿರ ಒಯ್ದು, ಕಣ್ಣು ಮುಚ್ಚಿ, ಕಾದರು. ನಾವೆಲ್ಲ ಕಾದೆವು.

ಕೂಸು ಸೀನಿತು. ಅವರ ಮುಖದ ತುಂಬಾ ಸೀನಿ, ಕಣ್ಣು ತೆರೆದು, ಸಿಟ್ಟಿನಿಂದ ಅಳತೊಡಗಿತು.

"ಅಯ್ಯ, ಮಾಸ್ತರ ಮಾರಿ ಮ್ಯಾಲ..." ಎಂದು ಹುಡುಗಿ ಸೆರಗು ಮುಂದೆ ಚಾಚಿದಳು. ಕಾಕಾ ಅವಳ ಕೈಯನ್ನು ಮೆಲ್ಲಗೆ ಆಚೆ ಸರಿಸಿದರು. ಕೂಸಿನ ಅಳು ಏರುತ್ತಿತ್ತು. ಅವರು ಅಲ್ಲೇ ಮಣ್ಣಿನಲ್ಲಿ ಕೂತು, ಮುಖ ಒರೆಸಿಕೊಳ್ಳದೆ, ಅದನ್ನು ಕೊನೆಯವರೆಗೂ ಕೇಳಿದರು.