ಮಾಂತುವಿನ ಹಳೆಯ ಅಂಗಿ

ತೊಟ್ಟಿಲಿಗೆ ಹಾಕುವ ದಿನ ಕೂಸಿಗೆ ಹೊಸ ಬಟ್ಟೆ ಕೂಡದು, ಮೈಕೈ ತುಂಬಿಕೊಂಡ ಇನ್ನೊಂದು ಕೂಸಿನ ಹಳೆಯ ಅಂಗಿಯನ್ನೇ ಬೇಡಿ ತಂದು ತೊಡಿಸಬೇಕು. ಇದು ಮಾಲಕರ ತಾಯಿಯ ಹಟ. ಅವರ ಅಂಗಡಿಯ ಗುಮಾಸ್ತ ಈರಬಸಪ್ಪ ಕೇಳಿದ್ದೇ ತಡ, ತನ್ನ ಮಗ ಮಾಂತುವಿನ ಅಂಗಿಯನ್ನು ಮಡಚಿ ಕೊಟ್ಟುಬಂದು, ಎದೆಯುಬ್ಬಿಸಿ ತಿರುಗಾಡಿದ.

ತೊಟ್ಟಿಲ ದಿನ ಬೆಳಗ್ಗೆ ನೋಡಿದರೆ ಮಾಂತುವಿನ ಕುತ್ತಿಗೆ, ಕಂಕುಳ ತುಂಬ ಕೆಂಪು ಗುಳ್ಳೆ. ಪಕ್ಕದ ಮನೆಯ ಪಾರವ್ವ ಕನ್ನಡಕ ಏರಿಸಿಕೊಂಡು ಬಂದಳು.

“ತಮ್ಮಾ, ಇದು ತುರಿಕಜ್ಜಿ. ಕಣ್ಣಿಗಿ ಕಾಣಲಾರದ ಹುಳ ತೊಗಲಾಗ ಹೊಕ್ಕು ತತ್ತಿ ಇಡ್ತಾವ. ಅರಿವಿ ಮ್ಯಾಲಿಂದನೂ ಹತ್ತತಾವ ನೋಡು.”

ಈರಬಸಪ್ಪನಿಗೆ ಕೊಟ್ಟುಬಂದ ಅಂಗಿ ನೆನಪಾಯಿತು. ಅರಿವೆಯೆಂದರೆ ಆ ಅಂಗಿಯೂ ಅರಿವೆಯೇ. ಮಾಲಕರ ಕೂಸಿನ ಮೈಯೋ, ಹಾಲಿನ ಕೆನೆ. ಹೆಂಡತಿ ನೀತಾಳನ್ನು ಮಗನೊಡನೆ ಡಾಕ್ಟರ ಬಳಿ ಕಳಿಸಿ ತಾನು ಮಾಲಕರ ಊರಾದ ನಿಗಡಿಯ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಆ ಹುಳಗಳು ಕೂಸಿನ ಮೈಮೇಲೆ ಸಂಸಾರ ಹೂಡುವುದೇ ಅವನ ಕಣ್ಣಿಗೆ ಕಟ್ಟಿತು. ಅವನು ಕೆರೆದುಕೊಳ್ಳುವುದನ್ನು ಕಂಡು ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ.

ಮಾಲಕರ ಮನೆ ತುಂಬ ಹೆಂಗಸರು. ಒಳಕೋಣೆಯಲ್ಲಿ ಅಂಗಿ ತೊಟ್ಟಿಲ ಅಂಚಿಗೆ ಜೋತಾಡುತ್ತಿತ್ತು. ಕೂಸಿಗೆ ಬಚ್ಚಲಲ್ಲಿ ಇನ್ನೂ ನೀರು ಹಾಕುತ್ತಿದ್ದರು. ಅತ್ತಿತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡ. ಅಂಗಿಯನ್ನು ಎಳೆದು ಬನಿಯನ್ನಿನೊಳಗೆ, ಹೊಟ್ಟೆಗೆ ಒತ್ತಿ ಬಚ್ಚಿಟ್ಟ.

ಅಷ್ಟರಲ್ಲಿ ನೀತಾಳ ಫೋನು.

“ಡಾಕ್ಟರು ನಕ್ಕಬಿಟ್ರುರೀ. ಬರೇ ಬೆವರಸಾಲಿ ಅಂತ. ಎರಡೆರಡು ಅಂಗಿ ಹಾಕಬ್ಯಾಡ್ರಿ ಅಂದ್ರು.”

ಹೋದ ಜೀವ ಬಂತು. ಅಂಗಿಯನ್ನು ಇದ್ದಲ್ಲೇ ಇಡೋಣವೆಂದು ಹೊರಗೆಳೆಯುತ್ತಿದ್ದಾನೆ, ಬಾಗಿಲಲ್ಲಿ ಮಾಲಕರ ಹೆಂಡತಿ, ಬಾಣಂತಿ ಅಂಬಾ ವೈನಿ. ನೌಕರಿ ಹೋಯಿತೆಂದು ಅವನು ಕಣ್ಣು ಮುಚ್ಚಿದ.

ವೈನಿ ಮೆಲ್ಲಗೆ ಬಾಗಿಲು ಮುಂದೆ ಮಾಡಿದರು. ಅವರ ಕಣ್ಣಲ್ಲಿ ನೀರಿತ್ತು.

“ಅಣ್ಣಾರ, ನಿಮಗ ಹ್ಯಾಂಗ ಗೊತ್ತಾತ್ರಿ? ನಮ್ಮ ದೊಡ್ಡಾಕಿ ರೇಣುಗ ಸಾಲ್ಯಾಗಿಂದ ತುರಿಕಜ್ಜಿ ಹತ್ತ್ಯಾವ. ರಾತ್ರಿಯೆಲ್ಲಾ ಈ ಅಂಗಿ ಅಪ್ಪಿಕೊಂಡ ಮಲಗ್ಯಾಳ. ಅತ್ತಿಯವರ ಮುಂದ ಬಾಯಿ ಬಿಡಾಕ ನನಗ ಧೈರ್ಯ ಇರಲಿಲ್ಲ. ನೀವು ನನ್ನ ಕೂಸು ಉಳಿಸಿದ್ರಿ. ಹಿತ್ತಲ ಬಾಗಲಲೆ ಲಗೂನ ಒಯ್ರಿ. ಕೇಳಿದರ, ಕೊಟ್ಟದ್ದು ನೀವ ವಾಪಸ್ ಕಸಗೊಂಡ ಹೋದ್ರಿ ಅಂತ ಹೇಳ್ತೀನಿ.”

ಈರಬಸಪ್ಪನ ಹೊಟ್ಟೆಯ ಮೇಲೆ ಏನೋ ಹರಿದಾಡಿದಂತಾಯಿತು.

ಅಂಗಿಯನ್ನು ಬನಿಯನ್ನಿನೊಳಗೇ ಇಟ್ಟುಕೊಂಡು ಮರಳಿದಾಗ, ಮನೆಯ ಬಾಗಿಲಲ್ಲಿ ನೀತಾ ನಗುತ್ತ ನಿಂತಿದ್ದಳು. “ಅಂಜಿ ಅರ್ಧ ಆಗೀರಿ. ತಗೋರಿ, ಎತ್ಕೋರಿ ಮಗನ್ನ.”

ಮಾಂತು ಎರಡೂ ಕೈ ಚಾಚಿ ಅಪ್ಪನತ್ತ ಜಿಗಿದ. ಈರಬಸಪ್ಪ ಹೊಟ್ಟೆ ಕೆರೆದುಕೊಳ್ಳುತ್ತ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯತೊಡಗಿದ.