ರಾಜೇಂದ್ರನವರ ಕತ್ತಲು, ಅನಂತಲಕ್ಷ್ಮಮ್ಮನ ಕುಂಕುಮ

ಸ್ವಲ್ಪ ಈಚೆ ಬನ್ನಿ. ಗೋಡೆಗೆ ಕಿವಿಯಿದೆ ಅಂತಾರೆ, ಈ ಬಿಲ್ಡಿಂಗಿನಲ್ಲಿ ಗೋಡೆಗೆ ಬಾಯಿಯೂ ಇದೆ. ಮಾತು ನಮ್ಮ ನಮ್ಮಲ್ಲೇ ಇರಲಿ. ಯಾರಾದರೂ ಕೇಳಿದರೆ, ಹೂವಿನ ಅಂಗಡಿ ಹತ್ರ ಯಾರೋ ಆಡ್ಕೋತಿದ್ರು ಅನ್ನಿ. ಆಣೆ ಮಾಡಿದಿರಾ? ಸರಿ.

ಗೋವಿಂದರಾಜನಗರದ ಶುಭೋದಯ ರೆಸಿಡೆನ್ಸಿಯ ಎರಡನೇ ಮಹಡಿಯ ರಾಜೇಂದ್ರನವರು ಆಷಾಢದ ಕೊನೇ ಶನಿವಾರ ಸಂಜೆ ಆರೂ ಐವತ್ತಕ್ಕೆ ದೈವಾಧೀನರಾದರು. ನಿವಾಸಿಗಳ ಸಂಘದ ನಡಾವಳಿ ಪುಸ್ತಕದಲ್ಲಿ ಹಾಗೇ ಬರೆದಿದೆ, ಮೊಹರೂ ಬಿದ್ದಿದೆ. ಈಗಲೂ ಅವರು ದಿನಾ ಬೆಳಗ್ಗೆ ವಾಕಿಂಗ್ ಹೋಗ್ತಾರೆ, ಅದು ಬೇರೆ ವಿಷಯ.

ಆದದ್ದಿಷ್ಟು. ರಿಟೈರ್ ಆದ ಮೇಲೆ ರಾಜೇಂದ್ರನವರಿಗೆ ಮನೇಲಿ ಹೋಮ್ ಥಿಯೇಟರ್ ಮಾಡಿಸೋ ಹುಚ್ಚು ಹತ್ತಿತು. ಅರ್ಧ ಗೋಡೆಯಷ್ಟು ಟೀವಿ ಬಂತು, ಮೂಲೆಮೂಲೆಗೂ ಸ್ಪೀಕರ್ ಬಂತು. ಅದನ್ನ ಕೂರಿಸೋಕೆ ಬಂದ ಅಮರೇಶ ರಾಯಚೂರು ಕಡೆಯವನು, ಕೆಲಸದಲ್ಲಿ ಬಹಳ ನಿಯತ್ತು. ಗೋಡೆ ನೋಡಿದ, ಕಿಟಕಿ ನೋಡಿದ, ದೇವರ ಗೂಡಿನ ಮುಂದೆ ಉರೀತಿದ್ದ ದೀಪ ನೋಡಿ ತಲೆ ಅಲ್ಲಾಡಿಸಿದ.

“ಸರ, ಈ ದೀಪ ಸೀದಾ ಸ್ಕ್ರೀನ್ ಮ್ಯಾಗ ಬೀಳ್ತದ. ಹೀರೋಗ ನತ್ತು ಇಟ್ಟಂಗ ಕಾಣ್ತದ ನೋಡ್ರಿ.”

“ಮತ್ತೇನು ಮಾಡೋದಪ್ಪಾ?”

“ರೂಮು ಕತ್ತಲಿರಬೇಕ್ರಿ. ಟೀವಿ ಬೆಳಕು ನೂರರಾಗ ಮೂವತ್ತಕ್ಕ ಇಳಿಸೀನಿ. ಅದರ ಹಿಂದ ಗೋಡಿಗೆ ಒಂದು ಸಣ್ಣ ಲೈಟಿನ ಪಟ್ಟಿ ಅಂಟಿಸೀನಿ, ಕಣ್ಣು ನೋಯಂಗಿಲ್ಲ. ಅದೊಂದು ಬಿಟ್ಟು ಬ್ಯಾರೆ ಬೆಳಕು ಬ್ಯಾಡ. ಆವಾಗ ಕಪ್ಪು ಕಪ್ಪಗ ಕಾಣ್ತದ.”

ಆ ಮಾತು ರಾಜೇಂದ್ರನವರ ತಲೆಗೆ ಹೊಕ್ಕುಬಿಟ್ಟಿತು. ಅರವತ್ತೊಂದು ವರ್ಷ ತಾವು ನೋಡಿದ ಕಪ್ಪೆಲ್ಲ ಬರೀ ಬೂದಿ ಅಂತ ಅವರಿಗೆ ಅವತ್ತೇ ಗೊತ್ತಾದದ್ದು. ದೀಪವನ್ನ ಅಡುಗೆಮನೆಗೆ ಸಾಗಿಸು ಅಂತ ಹೆಂಡತಿ ಅನಂತಲಕ್ಷ್ಮಮ್ಮನಿಗೆ ಅಪ್ಪಣೆಯಾಯಿತು.

“ಮುಸ್ಸಂಜೇಲಿ ಮನೆ ಕತ್ತಲಿಟ್ಟರೆ ಲಕ್ಷ್ಮಿ ಹೊಸ್ತಿಲಿಂದಲೇ ವಾಪಸ್ ಹೋಗ್ತಾಳೆ ಕಣ್ರೀ,” ಅಂದರು ಆಕೆ.

“ಒಳಗೆ ಬಂದು ಹಿಂದಿನ ಸಾಲಲ್ಲಿ ಕೂತ್ಕೊಳ್ಳಲಿ ಬಿಡೇ. ಫೋನ್ ಮಾತ್ರ ಹೊರಗೆ ತೆಗೀಬಾರದು,” ಅಂದರು ಈತ.

ಶನಿವಾರ ಸಂಜೆ ಮೊದಲ ಪ್ರದರ್ಶನ. ಹದಿನಾಲ್ಕು ಜನ ನೆಂಟರು ಬಂದರು. ಬಾಗಿಲ ಹೊರಗೆ ಚಪ್ಪಲಿ ರಾಶಿ ಬಿತ್ತು. ಒಳಗೆ ಗವ್ವೆನ್ನೋ ಕತ್ತಲು, ಕತ್ತಲಲ್ಲಿ ಒಂದೇ ಒಂದು ಮಂದ ಬೆಳಕು. ಸಿನಿಮಾದಲ್ಲಿ ಆ ಹೊತ್ತಿಗೆ ತಾಯಿ ತೀರಿಕೊಂಡು, ಐದು ಸ್ಪೀಕರಿನಲ್ಲಿ ಐದು ದಿಕ್ಕಿಂದ ಅಳು. ನೀವೇ ಹೇಳಿ, ಅನ್ನ ತಿನ್ನೋ ಯಾರೇ ಆಗಲಿ ಏನು ಅಂದ್ಕೋತಾರೆ? ಕಸದ ಬುಟ್ಟಿ ಹೊರಗಿಡೋಕೆ ಬಂದ ಎದುರು ಮನೆ ಪಟಾಲಮ್ಮನೂ ಅದನ್ನೇ ಅಂದ್ಕೊಂಡಳು. ಆ ಮನೇಲಿ ಬಿ.ಪಿ. ಇದ್ದದ್ದು ಯಜಮಾನರೊಬ್ಬರಿಗೇ. ಹಾಗಾಗಿ ಹೋದದ್ದು ಯಾರು ಅನ್ನೋದರಲ್ಲಿ ಅವಳಿಗೆ ಅನುಮಾನ ಬರಲಿಲ್ಲ.

ಸಂಘದ ಕಾರ್ಯದರ್ಶಿ ಬಸವಲಿಂಗಪ್ಪನವರು ಮೂವತ್ತೈದು ವರ್ಷ ಯಾವುದೋ ಸರ್ಕಾರಿ ಕಚೇರಿಯಲ್ಲಿ ಕಾಗದ ಕಳಿಸಿ ಕಳಿಸಿ ನಿವೃತ್ತರಾದವರು. ಹುಟ್ಟಾಗಲಿ ಸಾವಾಗಲಿ, ನೋಟೀಸು ಹಾಕಿದ ಮೇಲೇ ಅದು ಆದ ಹಾಗೆ ಅವರಿಗೆ. ಪಟಾಲಮ್ಮ ಸುದ್ದಿ ಮುಟ್ಟಿಸಿದ ಹತ್ತು ನಿಮಿಷಕ್ಕೆ ಲಿಫ್ಟಿನ ಪಕ್ಕ ಅಂಟಿತು:

“ಪ್ರಕಟಣೆ. ಮನೆ ಸಂಖ್ಯೆ 203ರ ಶ್ರೀ ರಾಜೇಂದ್ರರವರು ಈ ದಿನ ನಿಧನ ಹೊಂದಿರುವುದನ್ನು ಸಂಘವು ವಿಷಾದಪೂರ್ವಕವಾಗಿ ಗಮನಿಸಿದೆ. ಮೃತರು ಇನ್ನು ಮುಂದೆ ವಾಹನ ಚಲಾಯಿಸುವ ಸಂಭವ ಇಲ್ಲವಾದ್ದರಿಂದ, ಸದರಿಯವರ ಪಾರ್ಕಿಂಗ್ ಜಾಗವನ್ನು ಕಾರ್ಯದರ್ಶಿಯವರ ಎರಡನೇ ಕಾರಿಗೆ ಮಂಜೂರು ಮಾಡಿ ಆದೇಶಿಸಿದೆ.”

ಇಂಟರ್ವಲ್ಲಿಗೆ ಮೃತರು ಗಾಳಿಗೆ ಅಂತ ಹೊರಗೆ ಬಂದರು. ಎದುರಿಗೆ ಸೇವಂತಿಗೆ ಹಾರ ಹಿಡಿದು ಬಸವಲಿಂಗಪ್ಪ.

“ಏನ್ ಸಾರ್, ಹಾರ ಯಾರಿಗೆ?”

“ನಿಮಗೇ.”

“ಅಯ್ಯೋ, ಟೀವಿ ಪೂಜೆ ಬೆಳಗ್ಗೇನೇ ಆಯ್ತಲ್ಲ.”

“ಹಾಗಲ್ಲ ರಾಜೇಂದ್ರ. ನೀವು ಹೋಗಿಬಿಟ್ಟಿದ್ದೀರಿ. ನೋಟೀಸು ಹಾಕಿಯಾಯ್ತು.”

“ತೆಗೆದುಬಿಡಿ ಮತ್ತೆ!”

“ಹಾಕೋದಕ್ಕೆ ಕಾರ್ಯದರ್ಶಿ ಒಬ್ಬ ಸಾಕು. ತೆಗೆಯೋದಕ್ಕೆ ಸರ್ವ ಸದಸ್ಯರ ಸಭೆ ಆಗಬೇಕು. ಸಭೆ ಇರೋದು ಯುಗಾದಿ ಆದ್ಮೇಲೆ.”

ಕೆಳಗೆ ಎರಡನೇ ಕಾರು ಆಗಲೇ ಬಂದು ನಿಂತು, ಮೇಲೆ ಕವರೂ ಹೊದೆಸಿಕೊಂಡಿತ್ತು.

ಇದು ಅನ್ಯಾಯ ಅಂತ ಯಾರೂ ಅನ್ನಬಾರದು ನೋಡಿ, ಅದಕ್ಕೆ ಸೋಮವಾರವೇ ಬೆಳಕು ಉಪಸಮಿತಿ ಆಯಿತು. ಸಂಜೆ ಆರರ ನಂತರ ಹೊಸ್ತಿಲಲ್ಲಿ ಮೊಬೈಲ್ ಹಿಡಿದು, ಬೆಳಕು ಅಳೆಯೋ ಆ್ಯಪಿನಲ್ಲಿ ಎಷ್ಟು ಅಂಕಿ ಬರುತ್ತೋ ನೋಡತಕ್ಕದ್ದು. ನಲವತ್ತು ದಾಟಿದರೆ ಯಜಮಾನ ಜೀವಂತ. ನಲವತ್ತರೊಳಗಿದ್ದರೆ ಅದು ಸಾವಿನ ಮನೆ. ಅಳೆಯೋ ಹೊಣೆ ಪಟಾಲಮ್ಮನದು. ರಾಜೇಂದ್ರನವರ ಹೊಸ್ತಿಲಲ್ಲಿ ಹನ್ನೊಂದು ಬಂತು.

ಎರಡು ದಿನ ರಾಜೇಂದ್ರನವರು ಕೂಗಾಡಿದರು. ಮೂರನೇ ದಿನ ಸುಮ್ಮನಾದರು. ಸಾವಿನ ಮನೆ ಅಂತ ಸಂಘದವರು ಪ್ಯಾಸೇಜಿನ ಟ್ಯೂಬ್‌ಲೈಟ್ ಆರಿಸಿದ್ದರು. ಬಾಗಿಲ ಸಂದಿಯಿಂದ ತೂರಿಬಂದು ಕಪ್ಪು ಕೆಡಿಸ್ತಿದ್ದದ್ದು ಅದೇ ಬೆಳಕು. ಬೆಲ್ ಒತ್ತೋರೂ ಇಲ್ಲ, ನಡುವೆ ಬಂದು ಕಾಫಿ ಪುಡಿ ಕೇಳೋರೂ ಇಲ್ಲ.

“ಸತ್ತ ಮೇಲೆ ಪಿಕ್ಚರ್ ಎಷ್ಟು ಕ್ಲಿಯರ್ ಆಗಿದೆ ನೋಡೇ!” ಅಂತ ಹೆಂಡತಿಯನ್ನ ಕರೆದರು.

ಅನಂತಲಕ್ಷ್ಮಮ್ಮ ಬರಲಿಲ್ಲ. ಆಕೆಯ ಕಿವಿ ಬಾಗಿಲಲ್ಲಿತ್ತು. ಮುಂದಿನ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಅರಿಶಿನ ಕುಂಕುಮಕ್ಕೆ ಕರೆಯೋರು ಮೆಟ್ಟಿಲು ಹತ್ತಿ ಬರೋದು, 203ರ ಮುಂದೆ ದನಿ ತಗ್ಗಿಸೋದು, ಮುಂದಿನ ಮನೆ ಬೆಲ್ ಒತ್ತೋದು, ಎಲ್ಲಾ ಕೇಳಿಸ್ತಿತ್ತು. ಗಂಡ ಒಳಗೆ ಚುರುಮುರಿ ತಿನ್ನೋ ಸದ್ದೂ ಕೇಳಿಸ್ತಿತ್ತು. ಆಕೆ ಹೋಗಿ ಟೀವಿಗೆ ಅಡ್ಡ ನಿಂತರು.

“ಟೀವಿ ಬೆಳಕು ಜಾಸ್ತಿ ಮಾಡಿ. ಲೈಟ್ ಹಾಕಿ. ನನ್ನನ್ನ ಒಬ್ಬರೂ ಕರೀತಿಲ್ಲ.”

“ಅದೊಂದು ಬಿಟ್ಟು ಬೇರೇನಾದ್ರೂ ಕೇಳೇ. ಬೆಳಕು ಏರಿಸಿದ್ರೆ ಕಪ್ಪೆಲ್ಲ ತಿಳಿಸಾರಿನ ಥರ ಆಗೋಗತ್ತೆ.”

“ಇಪ್ಪತ್ತೆಂಟು ವರ್ಷದಲ್ಲಿ ಒಂದು ಹಬ್ಬ ತಪ್ಪಿಸಿಲ್ಲ ರೀ ನಾನು. ನಿಮಗೆ ಆ ಕಪ್ಪು ಹೆಚ್ಚೋ, ನನ್ನ ಕುಂಕುಮ ಹೆಚ್ಚೋ?”

ರಾಜೇಂದ್ರನವರು ಬಹಳ ಹೊತ್ತು ಯೋಚನೆ ಮಾಡಿದರು. ಅಷ್ಟು ಹೊತ್ತು ಯೋಚನೆ ಮಾಡಿದ್ದಕ್ಕೇ ಆಕೆಗೆ ಕಣ್ಣಲ್ಲಿ ನೀರು ಬಂದದ್ದು.

“ಸರಿ, ಅಳಬೇಡ. ಶುಕ್ರವಾರ ಆರರಿಂದ ಏಳೂವರೆ ತನಕ ಬದುಕಿರ್ತೀನಿ,” ಅಂದರು. “ಏಳೂವರೆಗೆ ಪಿಕ್ಚರ್ ಹಾಕಲೇಬೇಕು, ಭಾವಮೈದುನ ಬರ್ತಿದಾನೆ.”

ಬದುಕೋದಕ್ಕೆ ಅರ್ಜಿ ಕೊಡಬೇಕಲ್ಲ. ರಾಜೇಂದ್ರನವರು ಬರೆದದ್ದನ್ನ ಬಸವಲಿಂಗಪ್ಪ ತಿರುಗಿಸಿ ಕೊಟ್ಟರು. ಮೃತರ ಸಹಿ ನಡೆಯೋಲ್ಲವಂತೆ, ಹೆಂಡತಿ ಕೈಲಿ ಬರೆಸಿ ಅಂದರು. ಆಕೆ ಬರೆದುಕೊಟ್ಟರು. ಗುರುವಾರ ಸಂಜೆ ಆದೇಶ ಕೈಗೆ ಬಂತು:

“ಶ್ರೀಮತಿ ಅನಂತಲಕ್ಷ್ಮಿಯವರನ್ನು ಇದೇ ಶುಕ್ರವಾರ ಸಂಜೆ 6ರಿಂದ 7.30ರವರೆಗೆ ತಾತ್ಕಾಲಿಕವಾಗಿ ಮುತ್ತೈದೆ ಎಂದು ಪರಿಗಣಿಸಲಾಗಿದೆ. ಇದನ್ನು ಪೂರ್ವನಿದರ್ಶನವಾಗಿ ಭಾವಿಸತಕ್ಕದ್ದಲ್ಲ. ಪಾರ್ಕಿಂಗ್ ಜಾಗಕ್ಕೆ ಈ ಆದೇಶ ಅನ್ವಯಿಸುವುದಿಲ್ಲ.”

ಶುಕ್ರವಾರ ಆರು ಹೊಡೆಯೋದೇ ತಡ, ರಾಜೇಂದ್ರನವರ ಮನೇಲಿ ಇದ್ದ ಲೈಟೆಲ್ಲ ಹತ್ತಿಕೊಂಡವು. ಪಟಾಲಮ್ಮ ಅಳೆದಳು, ನೂರಾ ಎಂಬತ್ತು. ಯಜಮಾನರು ಗಟ್ಟಿಮುಟ್ಟಾಗಿದ್ದಾರೆ ಅಂತ ಬರೆದುಕೊಂಡಳು. ಅನಂತಲಕ್ಷ್ಮಮ್ಮ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಮಹಡಿಯಿಂದ ಮಹಡಿಗೆ ಓಡಿದರು. ತಟ್ಟೆಯಲ್ಲಿ ವೀಳ್ಯದೆಲೆ, ಎಲೆಯ ಪಕ್ಕ ಆದೇಶದ ಪ್ರತಿ. ಒಂದೊಂದು ಮನೆಯವರೂ ಕನ್ನಡಕ ಹುಡುಕಿ, ಆದೇಶ ಓದಿ, ಮೊಹರು ನೋಡಿ, ಆಮೇಲೆ ಕುಂಕುಮ ಇಟ್ಟರು. ಯಾರೂ ನಗಲಿಲ್ಲ. ನಗೋಕೆ ಏನಿದೆ, ಎಲ್ಲ ಕ್ರಮವಾಗೇ ಇತ್ತು.

ಕೊನೆಗೆ ಉಳಿದದ್ದು ಎದುರು ಮನೆ. ಪಟಾಲಮ್ಮ ಕುಂಕುಮದ ಭರಣಿ ಕೈಗೆತ್ತಿಕೊಂಡು, ಮೊದಲು ಗೋಡೆ ಗಡಿಯಾರ ನೋಡಿದಳು. ಆಮೇಲೆ ಆಚೆ ಬಾಗಿಲಲ್ಲಿ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಾಯ್ತಿದ್ದ ರಾಜೇಂದ್ರನವರನ್ನ ನೋಡಿದಳು. ಆಮೇಲೆ ಅನಂತಲಕ್ಷ್ಮಮ್ಮನ ಮುಖಕ್ಕೆ ಮುಖ ಕೊಟ್ಟು ಅಂದಳು:

“ಬೇಗ ಹಣೆ ಕೊಡಿ ಅನಂತಲಕ್ಷ್ಮಮ್ಮ, ಏಳೂ ಇಪ್ಪತ್ತಾರಾಯ್ತು. ಮುಂದಿನ ವರ್ಷ ನಿಮ್ಮ ಮನೆಯವರಿಗೆ ಇನ್ನೊಂದು ಅರ್ಧ ಗಂಟೆ ಜಾಸ್ತಿ ಬದುಕಿರೋಕೆ ಹೇಳಿ, ಕೂತು ಊಟ ಮಾಡ್ಕೊಂಡು ಹೋಗೋರಂತೆ.”