ಒಂಬತ್ತು ಪಿನ್ನಿನ ಮಾನಿಟರ್

ಎರಡು ವರ್ಷ ತುಂಬಿ ಮೂರು ತಿಂಗಳಾದರೂ ಅಕ್ಕು ಒಂದು ಮಾತೂ ಆಡಿರಲಿಲ್ಲ. ಕಿವಿ ಸರಿಯಾಗಿದೆ, ಕಾಯಿರಿ ಎಂದು ಡಾಕ್ಟರು ಹೇಳಿದ್ದರು. ಕಾಯುವುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನೀತಾ ಮಾಡಿ ನೋಡಿದ್ದಳು. ಪಕ್ಕದ ಮನೆಯ ಸಾಯಲಿ ಅಕ್ಕುವಿಗಿಂತ ನಾಲ್ಕು ತಿಂಗಳು ಚಿಕ್ಕವಳು. ಆಗಲೇ ಬಿಬವೇವಾಡಿಯ ತರಕಾರಿಯವನ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡುತ್ತಿದ್ದಳು. (ಇದು ನೀತಾಳ ವರದಿ. ಆ ಮಗು ಅಂದದ್ದು 'ಭಾಜೀ', ಅಂದರೆ ಪಲ್ಲೆ, ಎಂದಷ್ಟೇ.)

ಅಪರಾಧಿ ಯಾರೆಂಬ ಬಗ್ಗೆ ನೀತಾಳಿಗೆ ಸಂಶಯವಿರಲಿಲ್ಲ. ಹಾಲಿನ ಮೂಲೆಯಲ್ಲಿ ವಿರಾಜಮಾನವಾಗಿದ್ದ ೧೯೮೭ರ ಮುದಿ ಕಂಪ್ಯೂಟರ್! ಭೋಸರಿಯ ಕಾರ್ಖಾನೆಯವರು ಬಿಸಾಡಿದ್ದನ್ನು ಗಂಡ ಮಧುಕರ ಜೀರ್ಣೋದ್ಧಾರಕ್ಕೆಂದು ಹೊತ್ತು ತಂದಿದ್ದ. ಅಂದಿನಿಂದ ಅವನ ಮಾತೆಲ್ಲ ಅದರ ಜೊತೆಗೇ, ಮಗುವಿನ ಜೊತೆ ಅಲ್ಲ. ಹದಿನಾರು ವರ್ಷದ ಅದರ ಡಿಸ್ಕಿಗೆ ಎರಡೆರಡು ಪಟ್ಟಿ ಕೇಬಲ್ ಬೇಕು. ಡಿಸ್ಕು ಜೋಡಿಸುವ ಈಗಿನ ಕಾರ್ಡುಗಳು ಒಂದಕ್ಕಿಂತ ಹೆಚ್ಚು ಒಪ್ಪುವುದಿಲ್ಲ. ಹೊಂದುವ ಕಾರ್ಡಿಗಾಗಿ ಆರು ತಿಂಗಳು ಅಲೆದು, ಹಿಂಜವಾಡಿಯಲ್ಲಿ ಯಾರನ್ನೋ ಕಾಡಿ ತಂದು, ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದ. ಉಳಿದದ್ದು ಮಾನಿಟರ್. ಈಗಿನವಕ್ಕೆಲ್ಲ ಹದಿನೈದು ಪಿನ್ನು. ಈ ಮಹಾಶಯನಿಗೆ ಒಂಬತ್ತೇ ಆಗಬೇಕು.

"ನನ್ನ ನೋಡ್ಲಿಕ್ಕೆ ಬಂದಾಗ ಹತ್ತು ನಿಮಿಷದಾಗ ಹೂಂ ಅಂದ್ರಿ. ಇದಕ್ಕ ಇಷ್ಟು ಕುಂಡಲಿ ಕೂಡಿಸ್ತೀರಲ್ರಿ!"

"ಆವಾಗ ನನಗ ಪಿನ್ನು ಎಣಿಸೋದು ಗೊತ್ತಿರ್ಲಿಲ್ಲ," ಎಂದ ಮಧುಕರ ಅವಲಕ್ಕಿ ಮುಕ್ಕುತ್ತ. "ಎಲ್ಲಾ ನಮ್ಮ ಆಫೀಸಿನ ಆ ಸದಾನಂದಂದ ತಪ್ಪು. ದಸರಾಕ್ಕ ಒಂಬತ್ತು ಪಿನ್ನಿಂದು ನಿಮ್ಮ ಮನಿಗೇ ತಂದಿಟ್ಟೀನಿ ಅಂತಾನ. ಶುದ್ಧ ಸುಳ್ಳ! ಇನ್ನ ಅವನ ಮಾರಿ ನೋಡಂಗಿಲ್ಲ."

ನೀತಾ ತಲೆ ತಗ್ಗಿಸಿ ಮೆಂತೆ ಪಲ್ಲೆ ಬಿಡಿಸತೊಡಗಿದಳು.

ಸದಾನಂದ ತಂದಿಟ್ಟದ್ದು ನಿಜ. ಆದರೆ ಅದು ದಸರೆಯ ತೊಳೆಯುವ ವಾರ. ಮನೆಯ ಕೌದಿ, ಪಡದೆ, ಪಾತ್ರೆಗಳೆಲ್ಲ ಮಹಡಿಯ ಬಿಸಿಲಿನಲ್ಲಿ ಬಿದ್ದಿದ್ದವು. ಅಂಥ ಮಡಿಯ ಹೊತ್ತಿನಲ್ಲಿ ಧೂಳು ಮೆತ್ತಿಕೊಂಡು ಬಂದ ಆ ಗೂನುಬೆನ್ನಿನ ಗಾಜಿನ ಭೂತ! ಮಗು ಮುಟ್ಟಿದರೆ? ಸಿಡಿದರೆ? ಗಂಡ ಬರುವುದರೊಳಗೆ ಅದನ್ನು ಹಳೇ ಸಾಮಾನಿಗೆ ಸ್ಟೀಲ್ ಪಾತ್ರೆ ಕೊಡುವ ಮುರುಗೆಪ್ಪನಿಗೆ ಸಾಗಿಸಿ, ಒಂದು ದೊಡ್ಡ ಡಬ್ಬಿ ತೆಗೆದುಕೊಂಡಿದ್ದಳು. (ಮಧುಕರ ಮುಕ್ಕುತ್ತಿದ್ದ ಅವಲಕ್ಕಿ ಅದೇ ಡಬ್ಬಿಯದು.)

ಆ ಭಾನುವಾರ ಮಧುಕರ ಮಾನಿಟರ್ ಇಲ್ಲದೆಯೇ ಕಂಪ್ಯೂಟರಿನ ಸ್ವಿಚ್ ಒತ್ತಿದ. ಅದು ಕೂಗಿತು: "ಪೀಂ... ಪೀ, ಪೀ."

ಅಕ್ಕು ತಲೆಯೆತ್ತಿ, "ಪೀಂ... ಪೀ, ಪೀ," ಎಂದಳು.

"ಮಾತಾಡಿದ್ಳು! ರೀ, ಮಾತಾಡಿದ್ಳು! ಏನಂದ್ಳು?"

"ಒಂದು ಉದ್ದ, ಎರಡು ಗಿಡ್ಡ," ಎಂದ ಮಧುಕರ ಗಂಭೀರನಾಗಿ. "ಮಾನಿಟರ್ ಇಲ್ಲ ಅಂತ."

ಅಂದಿನಿಂದ ಹಸಿವಾದರೂ ಪೀಂ, ನಿದ್ದೆ ಬಂದರೂ ಪೀಂ. ಅವ್ವ ಎನ್ನು ಎಂದರೂ ಪೀಂ. ಸಾಯಲಿಯ ತಾಯಿಯಂತೂ ನಿಮ್ಮ ಕನ್ನಡ ಹೀಗಿರುತ್ತದೆಯೇ ಎಂದು ಮರಾಠಿಯಲ್ಲಿ ವಿಚಾರಿಸಿದಳು.

"ಮಾನಿಟರ್ ಹಚ್ಚಿದ್ರ ಒಂದೇ ಸಲ ಪೀ ಅಂತದ, ಎಲ್ಲಾ ಸರಿ ಅದ ಅಂತ," ಎಂದು ಮಧುಕರ ಸಿದ್ಧಾಂತ ಮಂಡಿಸಿದ. "ಅದು ಸುಧಾರಿಸಿದ್ರ ಇಕಿನೂ ಮುಂದ ಹೋಗ್ತಾಳ. ಆದ್ರ ಸಿಗಬೇಕಲ್ಲ! ಹಾಳಾದ ಸದಾನಂದ."

ನಾಲ್ಕು ದಿನ ನೀತಾಳಿಗೆ ಅನ್ನ ರುಚಿಸಲಿಲ್ಲ. ಐದನೆಯ ದಿನ ಗಂಡ ಸ್ನಾನಕ್ಕೆ ಹೋದದ್ದೇ, ಅಕ್ಕುವನ್ನು ಕಂಕುಳಿಗೇರಿಸಿಕೊಂಡು ಫೋನ್ ತಿರುಗಿಸಿದಳು.

"ಮುರುಗೆಪ್ಪಾರ, ದಸರಾದಾಗ ಟೀವಿ ಹಂಗ ಇರೋದೊಂದು ಒಯ್ದಿದ್ರೆಲ್ಲ, ಅದೇನ್ರಿ ಇನ್ನೂ?"

"ಅದರೀ ಅಕ್ಕಾರ. ಅದರ ಮ್ಯಾಲೇ ಚಹಾದ ಕಪ್ಪ ಇಡ್ತೀನಿ."

"ವಾಯರಿನ ತುದಿಗೆ ಪಿನ್ನು ಎಷ್ಟದಾವ ನೋಡ್ರಿ."

ಬಹಳ ಹೊತ್ತಿನ ಎಣಿಕೆಯಾಯಿತು. "ಒಂಬತ್ರೀ."

"ಹಂಗಾದ್ರ ತಂದುಕೊಡ್ರಿ, ನಿಮ್ಮ ಡಬ್ಬಿ ವಾಪಸ್ ಕೊಡ್ತೀನಿ. ಆದ್ರ ಅಕ್ಕುನ ಅಪ್ಪಗ ಹೇಳಬ್ಯಾಡ್ರಿ."

"ಆಂ? ಇಲ್ಲಿ ಭಾಳ ಗದ್ಲ ಅದರೀ!"

"ಅಪ್ಪಗ ಹೇಳಬ್ಯಾಡ್ರಿ... ಅಪ್ಪಗ ಹೇಳಬ್ಯಾಡ್ರಿ!"

ಬಚ್ಚಲಿನ ಬಾಗಿಲು ತೆರೆಯಿತು. ಟವೆಲ್ ಸುತ್ತಿಕೊಂಡು ಮಧುಕರ ಹೊರಬಂದ. ಅಕ್ಕು ಅವ್ವನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಎರಡು ವರ್ಷ ಮೂರು ತಿಂಗಳು ಕೂಡಿಟ್ಟ ದನಿಯಲ್ಲಿ, ಒಂದಕ್ಷರ ತೊದಲದೆ ಹೇಳಿದಳು:

"ಅಪ್ಪಗ ಹೇಳಬ್ಯಾಡ್ರಿ!"

ನೀತಾಳ ಕಣ್ಣು ಸಂತೋಷದಿಂದ ತುಂಬಿಬಂದವು. ಕೈ ಮಾತ್ರ ರಿಸೀವರನ್ನು ಬೆನ್ನ ಹಿಂದೆ ಅಡಗಿಸಿತು.

"ಏನ್ ಹೇಳಬಾರದವಾ ನನಗ?" ಎಂದ ಮಧುಕರ.

ನೀತಾ ಬಾಯಿ ತೆರೆಯುವ ಮೊದಲೇ ಅವಳ ಕೈಯಲ್ಲಿದ್ದ ರಿಸೀವರು ಇಡೀ ಹಾಲಿಗೆ ಕೇಳುವಂತೆ ಕೂಗಿತು:

"ಅಕ್ಕಾರ, ಡಬ್ಬಿ ಮುಚ್ಚಳದ ಸಮೇತ ಬೇಕ್ರಿ!"